ತೋಟಾ ಮರುಭರ್ತಿ

ತೋಟಾ ಮರುಭರ್ತಿ ಎಂದರೆ ಒಮ್ಮೆ ಹಾರಿಸಿದ ತೋಟಾದ ಖಾಲಿ ಕೋಶಕ್ಕೆ ಹೊಸ ಕೇಪು, ಮದ್ದು ಮತ್ತು ಗುಂಡನ್ನು ಸೇರಿಸಿ ಅದನ್ನು ಪುನಃ ಬಳಕೆಗೆ ಸಿದ್ಧಗೊಳಿಸುವ ಕ್ರಿಯೆ. ಇದನ್ನು ರೀಲೋಡಿಂಗ್ ಅಥವಾ ಹ್ಯಾಂಡ್‌ಲೋಡಿಂಗ್ ಎಂದೂ ಕರೆಯುತ್ತಾರೆ. ಅಮೆರಿಕ ಮತ್ತು ಯುರೋಪಿನ ಹಲವು ದೇಶಗಳಲ್ಲಿ ಪಿಸ್ತೂಲು ಸ್ಪರ್ಧಿಗಳು ಖರ್ಚು ತಗ್ಗಿಸಲು ಹಾಗೂ ತಮ್ಮ ಪಿಸ್ತೂಲಿಗೆ ಸರಿಹೊಂದುವ ತೋಟಾ ಪಡೆಯಲು ಈ ವಿಧಾನವನ್ನು ಅನುಸರಿಸುತ್ತಾರೆ. ಭಾರತದಲ್ಲಿ ಪರವಾನಗಿಯಿಲ್ಲದೆ ತೋಟಾ ತಯಾರಿಸುವುದು ಗಂಭೀರ ಅಪರಾಧವಾಗಿದೆ.

ತೋಟಾದ ಭಾಗಗಳು

ತೋಟಾದಲ್ಲಿ ನಾಲ್ಕು ಭಾಗಗಳಿವೆ: ಕೋಶ, ಕೇಪು, ಮದ್ದು ಮತ್ತು ಗುಂಡು. ಕೋಶವನ್ನು ಸಾಮಾನ್ಯವಾಗಿ ಶೇ. 70ರಷ್ಟು ತಾಮ್ರ ಹಾಗೂ ಶೇ. 30ರಷ್ಟು ಸತುವಿರುವ ಹಿತ್ತಾಳೆಯಿಂದ ಮಾಡುತ್ತಾರೆ. ಹಾರಿಸಿದಾಗ ಹಿತ್ತಾಳೆಯು ಹಿಗ್ಗಿ ನಳಿಗೆಯ ಗೋಡೆಗೆ ಒತ್ತಿಕೊಂಡು ಅನಿಲವನ್ನು ತಡೆಯುತ್ತದೆ. ಬಳಿಕ ತುಸು ಕುಗ್ಗುವುದರಿಂದ ಸುಲಭವಾಗಿ ಹೊರಬರುತ್ತದೆ. ಈ ಗುಣದಿಂದಲೇ ಅದನ್ನು ಹಲವು ಬಾರಿ ಬಳಸಲು ಸಾಧ್ಯ.

ಕೇಪುಗಳಲ್ಲಿ ಬಾಕ್ಸರ್ ಮತ್ತು ಬರ್ಡಾನ್ ಎಂಬ ಎರಡು ಬಗೆಗಳಿವೆ. ಬಾಕ್ಸರ್ ಬಗೆಯ ಕೋಶದ ತಳದಲ್ಲಿ ನಡುವೆ ಒಂದೇ ರಂಧ್ರವಿರುವುದರಿಂದ ಹಳೆಯ ಕೇಪನ್ನು ಸೂಜಿಯಿಂದ ತಳ್ಳಿ ತೆಗೆಯಬಹುದು. ಹೀಗಾಗಿ ಮರುಭರ್ತಿಗೆ ಇದೇ ಹೆಚ್ಚು ಅನುಕೂಲ. .22 ರಿಮ್‌ಫೈರ್ ತೋಟಾದಲ್ಲಿ ಸಿಡಿಯುವ ಮಿಶ್ರಣವು ಕೋಶದ ಅಂಚಿನೊಳಗೇ ಇರುತ್ತದೆ; ಹೊಡೆತಕ್ಕೆ ಆ ಅಂಚು ಜಜ್ಜಿಹೋಗುವುದರಿಂದ ಇದರ ಮರುಭರ್ತಿ ರೂಢಿಯಲ್ಲಿಲ್ಲ. ಇಂದು ಬಳಕೆಯಲ್ಲಿರುವ ಹೊಗೆರಹಿತ ಮದ್ದಿನ ಮೊದಲ ಯಶಸ್ವಿ ರೂಪವನ್ನು ಫ್ರಾನ್ಸಿನ ಪಾಲ್ ವಿಯೆಯ್ 1884ರಲ್ಲಿ ಸಿದ್ಧಪಡಿಸಿದರು.

ಕ್ರಮ

ಮೊದಲು ಕೋಶಗಳನ್ನು ಶುಚಿಗೊಳಿಸಿ, ಬಿರುಕುಗಳಿರುವವನ್ನು ಬೇರ್ಪಡಿಸಲಾಗುತ್ತದೆ. ಅನಂತರ ಅಚ್ಚಿನಲ್ಲಿ ಒತ್ತಿ ಕೋಶವನ್ನು ಮೂಲ ಅಳತೆಗೆ ತಂದು, ಹಳೆಯ ಕೇಪನ್ನು ತೆಗೆದು ಹೊಸದನ್ನು ಕೂರಿಸಲಾಗುತ್ತದೆ. ಕೋಶದ ಬಾಯಿಯನ್ನು ಅಗಲಿಸಿ, ಮದ್ದು ತಯಾರಕರು ಪ್ರಕಟಿಸಿದ ಕೋಷ್ಟಕದ ಮಿತಿಯೊಳಗೆ ಮದ್ದನ್ನು ತೂಗಿ ಹಾಕಿ, ಗುಂಡನ್ನು ನಿರ್ದಿಷ್ಟ ಆಳಕ್ಕೆ ಒತ್ತಿ, ಕೊನೆಗೆ ಬಾಯಿಯನ್ನು ಬಿಗಿಗೊಳಿಸಲಾಗುತ್ತದೆ. ತೂಕದ ಮಾನ ಗ್ರೇನ್. ಒಂದು ಗ್ರೇನ್ ಸುಮಾರು 64.8 ಮಿಲಿಗ್ರಾಂಗೆ ಸಮ.

ಸ್ಪರ್ಧೆಗೆ ಹೊಂದಾಣಿಕೆ

ಸ್ಪರ್ಧೆಯ ಸ್ವರೂಪಕ್ಕೆ ತಕ್ಕಂತೆ ತೋಟಾದ ಗುರಿ ಬದಲಾಗುತ್ತದೆ. ಐಎಸ್‌ಎಸ್‌ಎಫ್ ನಿಯಮಗಳ 25 ಮೀಟರ್ ಸೆಂಟರ್‌ಫೈರ್ ಪಿಸ್ತೂಲು ಸ್ಪರ್ಧೆಯಲ್ಲಿ 7.62ರಿಂದ 9.65 ಮಿಲಿಮೀಟರ್ ವ್ಯಾಸದ ಗುಂಡುಗಳಿಗೆ ಅವಕಾಶವಿದೆ. ಇದರ ನಿಖರತಾ ಹಂತದ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ ಕೇವಲ 50 ಮಿಲಿಮೀಟರ್. ಇಲ್ಲಿ ಕಡಿಮೆ ಹಿನ್ನೊದೆತ ಮತ್ತು ಏಕರೂಪತೆ ಮುಖ್ಯ. ಚಪ್ಪಟೆ ಮೂತಿಯ ವ್ಯಾಡ್‌ಕಟರ್ ಗುಂಡು ಕಾಗದದಲ್ಲಿ ಸ್ವಚ್ಛವಾದ ದುಂಡು ರಂಧ್ರವನ್ನು ಕೊರೆಯುವುದರಿಂದ ಅಂಕ ಎಣಿಸುವುದು ಸುಲಭ.

1976ರಲ್ಲಿ ಸ್ಥಾಪನೆಯಾದ ಐಪಿಎಸ್‌ಸಿ ಸ್ಪರ್ಧೆಗಳಲ್ಲಿ ‘ಪವರ್ ಫ್ಯಾಕ್ಟರ್’ ಎಂಬ ಲೆಕ್ಕವಿದೆ. ಗುಂಡಿನ ತೂಕವನ್ನು ಗ್ರೇನ್‌ಗಳಲ್ಲಿಯೂ ವೇಗವನ್ನು ಸೆಕೆಂಡಿಗೆ ಅಡಿಗಳಲ್ಲಿಯೂ ತೆಗೆದುಕೊಂಡು ಗುಣಿಸಿ 1000ದಿಂದ ಭಾಗಿಸಿದರೆ ಅದು ದೊರೆಯುತ್ತದೆ. 124 ಗ್ರೇನ್ ಗುಂಡು ಸೆಕೆಂಡಿಗೆ 1010 ಅಡಿ ಚಲಿಸಿದರೆ ಫಲ 125.24. ಕನಿಷ್ಠ ಮಿತಿ 125 ಆಗಿರುವುದರಿಂದ ವೇಗ ತುಸು ಇಳಿದರೂ ಸ್ಪರ್ಧಿಯ ಅಂಕಗಳಿಗೆ ಕುತ್ತು ಬರುತ್ತದೆ. ಆದುದರಿಂದ ಅಭ್ಯಾಸಿಗಳು ಮಿತಿಗಿಂತ ಸ್ವಲ್ಪ ಮೇಲಿರುವಂತೆ ನೋಡಿಕೊಂಡು, ಕ್ರೋನೊಗ್ರಾಫ್ ಯಂತ್ರದಿಂದ ವೇಗವನ್ನು ಅಳೆಯುತ್ತಾರೆ. ಒಂದು ಬಾರಿಗೆ ಒಂದೇ ಅಂಶವನ್ನು ಬದಲಿಸಿ ಪರೀಕ್ಷಿಸುವುದು ರೂಢಿ. ಇಲ್ಲವಾದರೆ ಫಲಿತಾಂಶದ ಕಾರಣ ತಿಳಿಯದು.

ಅಪಾಯಗಳು

ಪಿಸ್ತೂಲಿನ ಮದ್ದು ಬಹುಪಾಲು ಕೋಶದ ಸ್ವಲ್ಪ ಭಾಗವನ್ನಷ್ಟೇ ತುಂಬುತ್ತದೆ. ಆದ್ದರಿಂದ ಮರೆತು ಎರಡು ಬಾರಿ ಹಾಕಿದರೂ ಅದು ಹೊರಚೆಲ್ಲದೆ ಒಳಗೇ ಹಿಡಿಸಬಹುದು. ಆಗ ಪಿಸ್ತೂಲು ಸಿಡಿದು ಕೈ, ಕಣ್ಣುಗಳಿಗೆ ಹಾನಿಯಾಗುತ್ತದೆ. ಮದ್ದೇ ಹಾಕದಿದ್ದರೆ ಕೇಪಿನ ಬಲವೊಂದರಿಂದಲೇ ಗುಂಡು ನಳಿಗೆಯ ನಡುವೆ ಸಿಕ್ಕಿಕೊಳ್ಳುತ್ತದೆ. ಶಬ್ದ ಕ್ಷೀಣವಾಗಿದ್ದುದನ್ನು ಗಮನಿಸದೆ ಮತ್ತೊಂದು ಗುಂಡು ಹಾರಿಸಿದರೆ ನಳಿಗೆ ಒಡೆಯಬಹುದು. ಗುಂಡನ್ನು ಹೆಚ್ಚು ಆಳಕ್ಕೆ ಒತ್ತಿದರೂ ಒತ್ತಡ ಏರುತ್ತದೆ. ಕೆಲವು ಮದ್ದುಗಳ ಒತ್ತಡ ಶಾಖದಿಂದಲೂ ಹೆಚ್ಚುವುದರಿಂದ, ಕುಷ್ಟಗಿ, ಕೊಪ್ಪಳಗಳಂತಹ ಬಯಲುಸೀಮೆಯ ಬೇಸಿಗೆಯಲ್ಲಿ ಬಿಸಿಲಿಗಿಟ್ಟ ತೋಟಾ ತಂಪು ದೇಶದ ಪರೀಕ್ಷೆಯಲ್ಲಿ ಕಂಡಂತೆಯೇ ವರ್ತಿಸಬೇಕೆಂದಿಲ್ಲ. ಸೀಸದ ಧೂಳು ವಿಷಕಾರಿಯಾದುದರಿಂದ ಕೆಲಸದ ನಂತರ ಕೈ ತೊಳೆಯುವುದು ಅವಶ್ಯ.

ಕರ್ನಾಟಕ ಮತ್ತು ಭಾರತದಲ್ಲಿ

ಕೊಡಗು ಮತ್ತು ಮಲೆನಾಡಿನಲ್ಲಿ ಹಿಂದಿನಿಂದಲೂ ಇದ್ದ ಕೇಪಿನ ಕೋವಿಗೆ ಪ್ರತಿ ಸಲವೂ ನಳಿಗೆಯ ಬಾಯಿಯಿಂದ ಮದ್ದು ಮತ್ತು ಚರೆಯನ್ನು ಗಜದಿಂದ ಜಡಿದು ತುಂಬಬೇಕಿತ್ತು. ತೋಟಾ ಕೋವಿ ಬಂದ ಮೇಲೆ ಅಳತೆಯ ಹೊಣೆ ಕಾರ್ಖಾನೆಗೆ ಸರಿಯಿತು. ಮರುಭರ್ತಿಯಲ್ಲಿ ಆ ಹೊಣೆ ಮತ್ತೆ ಬಳಕೆದಾರನಿಗೇ ಬರುತ್ತದೆ.

1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮು ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದನ್ನು ನಿಷೇಧಿಸುತ್ತದೆ. ಮದ್ದುಗುಂಡಿನ ಬಿಡಿಭಾಗಗಳು ಮತ್ತು ತಯಾರಿಕಾ ಯಂತ್ರಗಳು ಕೂಡ ಕಾಯ್ದೆಯ ವ್ಯಾಖ್ಯೆಯೊಳಗೆ ಬರುತ್ತವೆ. ಕೊಡವರಿಗೆ ಹಾಗೂ ಜಮ್ಮಾ ಹಿಡುವಳಿದಾರರಿಗೆ 2029ರವರೆಗೆ ನೀಡಿರುವ ವಿನಾಯಿತಿಯು ಕೋವಿಯನ್ನು ಹೊಂದುವುದು ಮತ್ತು ಒಯ್ಯುವುದಕ್ಕೆ ಸಂಬಂಧಿಸಿದೆ. ಅದು ತೋಟಾ ತಯಾರಿಕೆಯ ಅನುಮತಿಯಲ್ಲ.

ಕರ್ನಾಟಕದ ಹೆಸರಾಂತ ಪಿಸ್ತೂಲು ಪಟು ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದುದು 10 ಮೀಟರ್ ಏರ್ ಪಿಸ್ತೂಲಿನಲ್ಲಿ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಅವರು 50 ಮೀಟರ್ ಪಿಸ್ತೂಲಿನಲ್ಲಿ ಭಾಗವಹಿಸಿದರು. ಮೊದಲನೆಯದರಲ್ಲಿ ಮದ್ದೇ ಇಲ್ಲ, ಎರಡನೆಯದರಲ್ಲಿ ಬಳಸುವುದು.22 ರಿಮ್‌ಫೈರ್ ತೋಟಾ. ಈ ಎರಡು ಸ್ಪರ್ಧೆಗಳಲ್ಲೂ ಮರುಭರ್ತಿಗೆ ಎಡೆಯಿಲ್ಲ. ಅಲ್ಲಿ ಕಾರ್ಖಾನೆಯ ಬೇರೆ ಬೇರೆ ತಯಾರಿಕಾ ತಂಡಗಳ ತೋಟಾ ಅಥವಾ ಪೆಲೆಟ್‌ಗಳನ್ನು ಪರೀಕ್ಷಿಸಿ, ತಮ್ಮ ಪಿಸ್ತೂಲಿಗೆ ಒಪ್ಪುವುದನ್ನು ಆರಿಸಿಕೊಳ್ಳುವುದೇ ಸ್ಪರ್ಧಿಗಳಿಗಿರುವ ದಾರಿ.