ಗಾಳಿಗೂ ಎರಡು ಕವಲು

ಕೊಡಗಿನಲ್ಲಿ ಮಳೆ ಹಿಡಿದು, ಕೆಆರ್‌ಎಸ್ ಅಣೆಕಟ್ಟೆ ತುಂಬಿ ನೀರು ಬಿಟ್ಟರೆಂದರೆ ಕೊಳ್ಳೇಗಾಲದ ಕಡೆಯ ಭರಚುಕ್ಕಿ ಜಲಪಾತದಲ್ಲಿ ಪಕ್ಕದವರ ಮಾತು ಕೇಳಿಸುವುದಿಲ್ಲ. ಕೆಂಪು ನೀರು ಬಂಡೆಯ ಅಗಲಕ್ಕೂ ಹರಡಿ ಹತ್ತಾರು ಸೀಳಾಗಿ ಧುಮುಕುತ್ತದೆ. ತುಂತುರು ಮೇಲಿನವರೆಗೂ ಹಾರಿ ಬಂದು ಕನ್ನಡಕ ಮಬ್ಬಾಗುತ್ತದೆ. ಜೋಳದ ತೆನೆ ಸುಡುವವನು ಬೆರಳೆತ್ತಿಯೇ ಬೆಲೆ ಹೇಳುತ್ತಾನೆ. ಶಿವನಸಮುದ್ರದ ನಡುಗಡ್ಡೆಗೆ ತಾಗಿ ಇಬ್ಭಾಗವಾದ ಕಾವೇರಿ ಮಳವಳ್ಳಿ ಕಡೆ ಗಗನಚುಕ್ಕಿಯಾಗಿ, ಈ ಕಡೆ ಭರಚುಕ್ಕಿಯಾಗಿ ಬಿದ್ದು, ಕೆಳಗೆ ಮತ್ತೆ ಒಂದಾಗಿ ಹನೂರಿನ ಕಾಡಂಚು ಹಿಡಿದು ಹೊಗೇನಕಲ್ಲಿನತ್ತ ಸಾಗುತ್ತದೆ.

ವಿಮಾನದ ಟರ್ಬೋಫ್ಯಾನ್ ಎಂಜಿನ್ನಿನೊಳಗೆ ಗಾಳಿ ಮಾಡುವುದೂ ಇದನ್ನೇ. ಮುಂದಿನ ಫ್ಯಾನು ಎಳೆದುಕೊಂಡ ಗಾಳಿ ಎರಡು ಕವಲಾಗುತ್ತದೆ. ಒಳಗಿನದು ಕಂಪ್ರೆಸರಿನಲ್ಲಿ ಒತ್ತಿಸಿಕೊಂಡು, ಇಂಧನದೊಡನೆ ಉರಿದು, ಟರ್ಬೈನು ತಿರುಗಿಸಿ ಹೊರಬೀಳುತ್ತದೆ. ಫ್ಯಾನು ತಿರುಗುವುದೂ ಆ ಟರ್ಬೈನಿನ ಬಲದಿಂದಲೇ. ಹೊರಗಿನದು ಬೆಂಕಿಯ ಗೊಡವೆಗೇ ಹೋಗದೆ ಸುತ್ತಿನಿಂದ ಸಾಗಿ ಹಿಂದೆ ಕೂಡಿಕೊಳ್ಳುತ್ತದೆ. ಇದರಿಂದ ಇಂಧನವೂ ಉಳಿತಾಯ, ಅಬ್ಬರವೂ ಕಡಿಮೆ.

ಬೆಂಗಳೂರಿನ ಎಂಜಿನ್ ಸಂಶೋಧನಾ ಸಂಸ್ಥೆ ಜಿಟಿಆರ್‌ಇ ತೇಜಸ್ ಯುದ್ಧವಿಮಾನಕ್ಕೆಂದು ರೂಪಿಸಿದ ಟರ್ಬೋಫ್ಯಾನಿನ ಹೆಸರು ಕಾವೇರಿ. 1989ರಲ್ಲಿ ಮಂಜೂರಾದ ಅದು ತೇಜಸ್ಸನ್ನು ಏರಲೇ ಇಲ್ಲ. ಅಲ್ಲಿ ಕೂತದ್ದು ಅಮೆರಿಕದ ಜಿಇ ಎಂಜಿನ್. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದ ಶಿವನಸಮುದ್ರದ ವಿದ್ಯುದಾಗಾರಕ್ಕೆ ಜನರೇಟರ್ ಕೊಟ್ಟದ್ದೂ ಇದೇ ಜನರಲ್ ಎಲೆಕ್ಟ್ರಿಕ್ ಕಂಪನಿ! ಆಗ ಕೊಂಡದ್ದರಲ್ಲಿ ತಪ್ಪಿರಲಿಲ್ಲ.

ಶಿವನಸಮುದ್ರದಿಂದ ಯಳಂದೂರಿನ ಬಯಲಿಗೆ ಇಳಿದರೆ ಗದ್ದೆ, ತೆಂಗು, ಆಚೆಗೆ ಬಿಳಿಗಿರಿಯ ನೀಲಿ ಸಾಲು. ಯಳಂದೂರಿಗೆ ನೆರೆಯ ಚಾಮರಾಜನಗರ ತಾಲ್ಲೂಕಿನ ಭೋಗಾಪುರದ ಬಳಿ 2023ರ ಜೂನ್ 1ರಂದು ವಾಯುಪಡೆಯ ಕಿರಣ್ ತರಬೇತಿ ವಿಮಾನವೊಂದು ಬಿದ್ದು ಉರಿಯಿತು. ಪೈಲಟ್‌ಗಳಿಬ್ಬರೂ ಪ್ಯಾರಾಚೂಟಿನಲ್ಲಿ ಇಳಿದು ಬದುಕಿದರು. ಬಿದ್ದದ್ದು ಎಂಜಿನ್ನಿನಿಂದ ಎಂದು ನಾನು ಹೇಳುತ್ತಿಲ್ಲ; ವಿಮಾನದ ವಯಸ್ಸು ನೋಡಿ ಎನ್ನುತ್ತಿದ್ದೇನೆ. ವಿಮಾನ ವಿನ್ಯಾಸಕ ವಿ. ಎಂ. ಘಾಟಗೆಯವರ ಮುಂದಾಳುತನದಲ್ಲಿ ಎಚ್‌ಎಎಲ್ ರೂಪಿಸಿದ ಕಿರಣ್ ಮೊದಲು ಹಾರಿದ್ದು 1964ರಲ್ಲಿ. ಅದರದು ಟರ್ಬೋಜೆಟ್: ಕವಲಿಲ್ಲ, ಬಂದ ಗಾಳಿಯೆಲ್ಲ ಬೆಂಕಿಗೇ.

ತರಬೇತಿ ವಿಮಾನದ ಎಂಜಿನ್ ಚಿಕ್ಕದು, ಅದರ ಪಾಡು ಚಿಕ್ಕದಲ್ಲ. ಕಲಿಯುವ ಕೈ ಥ್ರಾಟಲನ್ನು ತಳ್ಳುತ್ತದೆ, ಎಳೆಯುತ್ತದೆ. ಚಕ್ರ ನೆಲ ಮುಟ್ಟಿದ ಗಳಿಗೆಗೇ ಮತ್ತೆ ಮೇಲೇರಿಸುತ್ತದೆ. ಪ್ರತಿ ಸಲವೂ ಟರ್ಬೈನಿನ ಅಲಗು ಕಾದು ಆರುತ್ತದೆ, ಮತ್ತೆ ಕಾಯುತ್ತದೆ. ಲೋಹ ದಣಿಯುವುದು ಹೀಗೆ. ಅದೇ ವಿಮಾನದ ರೆಕ್ಕೆಗೆ ಬಾಂಬು ಕಟ್ಟಿ ಲಘು ದಾಳಿಗೆ ಕಳಿಸಿದರೆ ಭಾರ ಹೊತ್ತು ನೆಲದ ಹತ್ತಿರವೇ ಹಾರಬೇಕು.

ಕಿರಣ್‌ನ ಜಾಗಕ್ಕೆಂದು ಎಚ್‌ಎಎಲ್ ಕಟ್ಟಿದ ಸಿತಾರಾ 2003ರ ಮಾರ್ಚಿನಲ್ಲಿ ಹಾರಿದ್ದು ಲಾರ್ಜಾಕ್ ಎಂಬ ಫ್ರೆಂಚ್ ಟರ್ಬೋಫ್ಯಾನಿನಿಂದ. ಆಮೇಲೆ ಬಂದದ್ದು ರಷ್ಯಾದ ಎಎಲ್-55ಐ. ಗಿರಕಿ ಹೊಡೆದು ಬೀಳುವಾಗ ವಿಮಾನವನ್ನು ಹಿಡಿತಕ್ಕೆ ತರುವ ತೊಡಕು ಬೇರೆ ಸೇರಿ ವರ್ಷಗಳು ಉರುಳಿದವು; 2025ರಲ್ಲಿ ಯಲಹಂಕದ ವೈಮಾನಿಕ ಪ್ರದರ್ಶನದಲ್ಲಿ ಅದಕ್ಕೆ ಯಶಸ್ ಎಂದು ಮರುನಾಮಕರಣವಾಯಿತು. ಬೀದರಿನಲ್ಲಿ 2008ರಿಂದ ಹಾರುತ್ತಿರುವ ಹಾಕ್ ತರಬೇತಿ ವಿಮಾನಗಳಲ್ಲಿರುವುದು ಅಡೂರ್ ಎಂಜಿನ್, ಬ್ರಿಟನ್ ಮತ್ತು ಫ್ರಾನ್ಸ್ ಕೂಡಿ ರೂಪಿಸಿದ್ದು. ಬೆಂಗಳೂರಿನಲ್ಲಿ ಅದು ತಯಾರಾಗಿದೆ, ನಕ್ಷೆ ಮಾತ್ರ ನಮ್ಮದಲ್ಲ.

ನಮ್ಮದೇ ನಕ್ಷೆಯದು ಎಚ್‌ಎಎಲ್‌ನ ಟರ್ಬೋಫ್ಯಾನ್ ಎಚ್‌ಟಿಎಫ್‌ಇ-25. ಸುಮಾರು ಎರಡೂವರೆ ಟನ್ ನೂಕುಬಲ, ಅಂದರೆ 25 ಕಿಲೋನ್ಯೂಟನ್. ಒಂದಿದ್ದರೆ ಐದು ಟನ್ನಿನ ವಿಮಾನಕ್ಕೆ, ಜೋಡಿಯಾದರೆ ಒಂಬತ್ತು ಟನ್ನಿನದಕ್ಕೆ ಸಾಕೆಂಬುದು ಎಚ್‌ಎಎಲ್‌ನ ಲೆಕ್ಕ. ಇದರ ಒಳಭಾಗ (ಕೋರ್) ಬೆಂಗಳೂರಿನಲ್ಲಿ ಮೊದಲ ಸಲ ಗುಡುಗಿದ್ದು 2015ರ ಡಿಸೆಂಬರಿನಲ್ಲಿ. ತೇಜಸ್ಸಿನ ಎಂಜಿನ್ನಿನಂಥ ದೊಡ್ಡದಕ್ಕೆ ಕೈ ಹಾಕುವ ಮುಂಚೆ ಈ ಚಿಕ್ಕದನ್ನೇ ಗೆದ್ದಿರಬೇಕಿತ್ತು. ಕಿರಣ್ ಹುಟ್ಟಿ ಅರವತ್ತು ವರ್ಷ ದಾಟಿದರೂ ನಮ್ಮ ವಾಯುಪಡೆಯ ಒಂದು ಜೆಟ್ ತರಬೇತಿ ವಿಮಾನವೂ ನಾವೇ ರೂಪಿಸಿದ ಎಂಜಿನ್ನಿನಿಂದ ಹಾರುತ್ತಿಲ್ಲ.