ಶ್ರೀನಿವಾಸಪುರದ ಮಾವು ಬಾಟಲಿಗೆ ಬಗ್ಗೀತೇ?

ಅಂಗಾಂಶ ಕೃಷಿಯ ಸಸಿ ಎಂದರೆ ರೈತರಿಗೆ ಮೊದಲು ನೆನಪಾಗುವುದು ಜಿ-9 ಬಾಳೆ. ತಾಯಿಗಿಡದ ಕಂದಿನ ತುದಿಯನ್ನು ಕತ್ತರಿಸಿ, ಸೋಂಕು ಕಳೆದು, ಲವಣ, ಸಕ್ಕರೆ, ವಿಟಮಿನ್, ಸಸ್ಯ ಹಾರ್ಮೋನು ಬೆರೆಸಿದ ಅಗರ್ ಮೇಲೆ ಇಟ್ಟರೆ ಅದು ಮರಿ ಹಾಕುತ್ತದೆ; ಬಿಡಿಸಿ ಬೇರೆ ಬಾಟಲಿಗೆ ಹಾಕಿದರೆ ಆ ಮರಿಗಳೂ ಮರಿ ಹಾಕುತ್ತವೆ. ಬಾಳೆ ಈ ಬಾಳಿಗೆ ಒಗ್ಗಿತು, ಶ್ರೀನಿವಾಸಪುರದ ಮಾವು ಒಗ್ಗಲಿಲ್ಲ. ಕತ್ತರಿಸಿದ ಕೂಡಲೇ ಮಾವಿನ ಚಿಗುರು ಫಿನಾಲ್ ರಸ ಸೂಸುತ್ತದೆ. ಗಾಳಿ ತಾಕಿ ಕಂದುಗಟ್ಟಿದ ಆ ರಸ ಅಂಗಾಂಶವನ್ನೇ ಕೊಲ್ಲುತ್ತದೆ. ಹಳೆಯ ಮರದ ಕೊಂಬೆಯೊಳಗೆ ಮನೆ ಮಾಡಿಕೊಂಡ ಸೂಕ್ಷ್ಮಜೀವಿಗಳು ಹೊರಗೆ ತೊಳೆದರೆ ಹೋಗುವುದಿಲ್ಲ. ಇವೆರಡನ್ನೂ ದಾಟಿ ಬಂದ ಚಿಗುರು ಬೇರು ಬಿಡಲು ಹಿಂಜರಿಯುತ್ತದೆ. ಕೃತಕ ಬುದ್ಧಿಮತ್ತೆಯಿಂದ ಅಂಗಾಂಶ ಕೃಷಿಗೆ ನಿಜವಾದ ಪ್ರಯೋಜನ ಆಗುವುದಿದ್ದರೆ ಅದು ಇಂಥ ಹಟಮಾರಿ ಗಿಡಗಳಲ್ಲೇ ಎಂದು ನನಗೆ ಅನ್ನಿಸುತ್ತದೆ.

ಇದಕ್ಕೆ ಆಧಾರ ಸಿಗುವುದು ಗಾಂಜಾ ಗಿಡದಲ್ಲಿ. ಕೆನಡಾ 2018ರಲ್ಲಿ ಅದನ್ನು ಕಾನೂನುಬದ್ಧಗೊಳಿಸಿದ ಮೇಲೆ ಬೆಳೆಗಾರರಿಗೆ ಒಂದೇ ಗುಣದ ಹೆಣ್ಣು ಗಿಡಗಳು ಬೇಕಾದವು. ಬೀಜ ಬಿತ್ತಿದರೆ ಗಂಡು ಗಿಡಗಳೂ ಬರುತ್ತವೆ, ಗುಣವೂ ಚದುರುತ್ತದೆ. ಕಡ್ಡಿ ನೆಟ್ಟರೆ ತಾಯಿಗಿಡದ ವೈರಾಯ್ಡ್ ರೋಗವೂ ಜೊತೆಗೆ ಬರುತ್ತದೆ. ಬಾಟಲಿಯಲ್ಲಿ ಬೆಳೆಸಲು ಹೋದರೆ, ಮುರಾಶಿಗೆ ಮತ್ತು ಸ್ಕೂಗ್ 1962ರಲ್ಲಿ ತಂಬಾಕಿನ ಅಂಗಾಂಶಕ್ಕಾಗಿ ರೂಪಿಸಿದ, ಇಂದಿಗೂ ಪ್ರಯೋಗಾಲಯಗಳಲ್ಲಿ ವ್ಯಾಪಕ ಬಳಕೆಯಲ್ಲಿರುವ ಮಾಧ್ಯಮದಲ್ಲಿ ಗಿಡ ಸೊರಗಿತು. ಗ್ವೆಲ್ಫ್ ವಿಶ್ವವಿದ್ಯಾಲಯದ ತಂಡ, ಅಕ್ರೋಟ್ ಮರಕ್ಕೆಂದು 1984ರಲ್ಲಿ ರೂಪುಗೊಂಡ ಡಿಕೆಡಬ್ಲ್ಯು ಮಾಧ್ಯಮ ಗಾಂಜಾಕ್ಕೆ ಹೆಚ್ಚು ಹಿಡಿಸುತ್ತದೆ ಎಂದು 2021ರಲ್ಲಿ ತೋರಿಸಿತು. ಅದೇ ವರ್ಷ ಬೆಳಕು ಮತ್ತು ಸಕ್ಕರೆಯ ಪ್ರಮಾಣ ಹುಡುಕಲು ಅಲ್ಲಿನವರು ಯಂತ್ರಕಲಿಕೆಯ ಮೊರೆಹೋದರು. ಕಾರಣ ಸರಳ ಲೆಕ್ಕ: ಹತ್ತು ಅಂಶಗಳನ್ನು ತಲಾ ಮೂರು ಪ್ರಮಾಣದಲ್ಲಿ ಬೆರೆಸಿ ನೋಡುವುದಾದರೆ 59,049 ಬಗೆಯ ಮಿಶ್ರಣಗಳಾಗುತ್ತವೆ. ಇಷ್ಟನ್ನು ಯಾವ ಪ್ರಯೋಗಾಲಯವೂ ಮಾಡಲಾರದು. ಮಾಡಿದ ಕೆಲವೇ ಪ್ರಯೋಗಗಳಿಂದ ಗಣಕ ಅಂಶಗಳ ಪರಸ್ಪರ ನಂಟನ್ನು ಕಲಿಯುತ್ತದೆ. ಇನ್ನೊಂದು ಕ್ರಮವಿಧಿ ಮಾಡದೆ ಉಳಿದವುಗಳಲ್ಲಿ ಭರವಸೆಯ ಮಿಶ್ರಣವನ್ನು ಹುಡುಕುತ್ತದೆ. ಆಮೇಲೆ ಅದನ್ನು ಬಾಟಲಿಯಲ್ಲಿ ಬೆಳೆಸಿಯೇ ಒರೆಗೆ ಹಚ್ಚಬೇಕು.

ಗಾಂಜಾದ ಮಾತು ನಮಗೇಕೆ ಎಂದು ಯಾರಾದರೂ ಕೇಳಬಹುದು. 1985ರ ಮಾದಕವಸ್ತು ಕಾಯ್ದೆಯಡಿ ಅನುಮತಿಯಿಲ್ಲದೆ ಅದನ್ನು ಬೆಳೆಯುವುದು ಅಪರಾಧ, ಅದನ್ನು ಇಲ್ಲಿಗೆ ತನ್ನಿ ಎಂದು ನಾನು ಹೇಳುತ್ತಿಲ್ಲ. ನಾವು ತರಬೇಕಾದದ್ದು ಹುಡುಕುವ ವಿಧಾನ. ಅದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆಯದು: ಗಣಕ ಕಲಿಯುವುದು ಕೊಟ್ಟ ದಾಖಲೆಯಷ್ಟನ್ನೇ, ಒಂದು ತಳಿಯಲ್ಲಿ ಕಲಿತದ್ದು ಇನ್ನೊಂದಕ್ಕೆ ಹೊಂದದೆ ಹೋಗಬಹುದು. ಇದು ನಿಜ. ತೋತಾಪುರಿಗೆ ಸರಿಹೋದದ್ದು ಬಾದಾಮಿಗೆ ಸರಿಹೋಗಬೇಕೆಂದಿಲ್ಲ. ಅದಕ್ಕೇ ಕಂದುಗಟ್ಟಿ ಸತ್ತ ಬಾಟಲಿಯ ದಾಖಲೆಗೆ ಬದುಕಿದ ಬಾಟಲಿಯದಷ್ಟೇ ಬೆಲೆಯಿದೆ. ಸತ್ತದ್ದನ್ನು ಬರೆಯದೆ ಚೆಲ್ಲಿದರೆ ಗಣಕಕ್ಕೆ ಎಲ್ಲಿ ಹೋಗಬಾರದೆಂಬುದೇ ತಿಳಿಯದು.

ಕೋಲಾರ ಜಿಲ್ಲೆಯ ಎಲ್ಲ ಬೆಳೆಗೂ ಈ ಮದ್ದು ಬೇಕಿಲ್ಲ. ಮುಳಬಾಗಿಲಿನ ಟೊಮೆಟೊ ಬೀಜದಿಂದ ಟ್ರೇಗಳಲ್ಲಿ ಸಲೀಸಾಗಿ ಸಸಿಯಾಗುತ್ತದೆ. ಮಾಲೂರಿನ ಆಲೂಗಡ್ಡೆ ಬಾಟಲಿಯಲ್ಲಿ ಚೆನ್ನಾಗಿಯೇ ಬೆಳೆಯುತ್ತದೆ, ತುದಿ ಅಂಗಾಂಶದಿಂದ ಬೆಳೆಸಿ ವೈರಸ್ ಕಳೆಯುವುದೂ ಹಳೆಯ ವಿದ್ಯೆ. ಅಲ್ಲಿನ ತೊಡಕು ಬಾಟಲಿಯಿಂದಾಚೆಗಿನದು: ಬಯಲಿನಲ್ಲಿ ಗಿಡಹೇನುಗಳು ವೈರಸ್ ಹರಡುವುದರಿಂದ ಬಿತ್ತನೆ ಗಡ್ಡೆಗೆ ಜಲಂಧರದ ಕಡೆ ನೋಡಬೇಕು. ನೆಟ್‌ಹೌಸಿನಲ್ಲಿ ಅಂಗಾಂಶ ಸಸಿಯ ತುದಿ ಚಿವುಟಿ ಬೇರು ಬರಿಸಿ ಇಲ್ಲೇ ಬಿತ್ತನೆ ಗಡ್ಡೆ ಮಾಡುವ ದಾರಿಯಿದೆ; ವಿಯೆಟ್ನಾಮಿನ ದಲಾತ್ ರೈತರು ಹಾಗೆ ಮಾಡಿದ್ದಾರೆ. ಅದಕ್ಕೆ ಬೇಕಾದದ್ದು ನೆಟ್‌ಹೌಸು, ವೈರಸ್ ಪರೀಕ್ಷೆ, ನಂಬಿಕಸ್ತ ನರ್ಸರಿ.

ಮಾವಿಗೆ ಕಸಿ ಇದೆಯಲ್ಲ ಎಂಬ ಪ್ರಶ್ನೆಗೂ ಉತ್ತರ ಕೊಡಬೇಕು. ಕಸಿ ಒಳ್ಳೆಯ ವಿದ್ಯೆ, ಅದನ್ನು ಬಿಡಬೇಕಾಗಿಲ್ಲ. ಆದರೆ ಕಸಿಕಡ್ಡಿ ಒಂದೇ ತಾಯಿಮರದ್ದಾದರೂ, ಸಾಮಾನ್ಯವಾಗಿ ಕೆಳಗಿನ ಬೇರುಸಸಿ ಸಿಕ್ಕ ಓಟೆಯಿಂದ ಹುಟ್ಟಿದ್ದು. ಒಂದೇ ಸಾಲಿನ ಎರಡು ಮರಗಳ ಬೇರು ಬೇರೆ ಬೇರೆ. ಕೊಳವೆಬಾವಿ ಸಾವಿರ ಅಡಿ ದಾಟಿದ ನೆಲದಲ್ಲಿ ನೀರಿನ ಕೊರತೆ ತಾಳುವ ಬೇರು ಯಾವುದೆಂದು ಆರಿಸಿ, ಅದನ್ನೇ ಸಾವಿರಗಟ್ಟಲೆ ಮಾಡುವುದು ದೊಡ್ಡ ಮಾತು. ಬಾಟಲಿಯಲ್ಲಿ ಬೆಳೆದ ತೋತಾಪುರಿ ನಿಜಕ್ಕೂ ತೋತಾಪುರಿಯೇ ಎಂದು ಖಚಿತವಾಗಲು ಹಣ್ಣಿಗೆ ವರ್ಷಗಟ್ಟಲೆ ಕಾಯಬೇಕು. ಬೇರುಸಸಿಯ ಬರ ತಾಳಿಕೆಯ ಮೊದಲ ಪರೀಕ್ಷೆಯನ್ನು ಕುಂಡದಲ್ಲೇ ಮಾಡಬಹುದು. ಹೊಗಳಗೆರೆಯ ಮಾವು ಕೇಂದ್ರವೂ ಟಮಕದ ತೋಟಗಾರಿಕಾ ಕಾಲೇಜೂ ಈ ಕೆಲಸಕ್ಕೆ ಕೈಹಾಕುವುದಾದರೆ ಬೇರುಸಸಿಯಿಂದಲೇ ಶುರುಮಾಡಲಿ, ಮೊದಲ ದಿನದಿಂದಲೇ ಒಂದೊಂದು ಬಾಟಲಿಯ ಲೆಕ್ಕವನ್ನೂ ಬರೆದಿಡಲಿ.