ಅದಿರಿನ ನಿಷೇಧವೂ ನ್ಯೂ ಟೌನಿನ ಕುಲುಮೆಯೂ

ಸರಕಿನ ಸಂಚಾರಕ್ಕೆ ಅಕಾರಣವಾಗಿ ಅಡ್ಡಿ ಬರಬಾರದೆಂಬುದು ವರ್ತಕನ ಹಕ್ಕು. ನೆಲದ ಸಂಪತ್ತು ಸೂರೆಹೋಗಬಾರದೆಂಬುದು ಪ್ರಜೆಯ ಹಕ್ಕು. ಇವೆರಡೂ ಎದುರುಬದುರಾಗಿ ನಿಂತಾಗ ಸರ್ಕಾರದ ಆಜ್ಞೆಯೊಂದರಿಂದಲೇ ವಿವಾದ ತೀರದೆಂಬುದಕ್ಕೆ 2010ರಲ್ಲಿ ನಮ್ಮ ರಾಜ್ಯದಲ್ಲಿ ಹುಟ್ಟಿದ ಕಬ್ಬಿಣದ ಅದಿರಿನ ವ್ಯಾಜ್ಯವೇ ಸಾಕ್ಷಿ. ಅದರ ಪಾಠವನ್ನು ಭದ್ರಾವತಿಯ ನ್ಯೂ ಟೌನಿನಲ್ಲಿ ನಿಂತು ಓದುವುದು ಯುಕ್ತವೆಂದು ನಾವು ಭಾವಿಸುತ್ತೇವೆ. ಅದಿರಿನಿಂದಲೇ ಹುಟ್ಟಿ, ಅದಿರಿಲ್ಲದೆ ಸೊರಗಿದ ಊರು ಅದು.

ಆ ವರ್ಷದ ಜುಲೈ ತಿಂಗಳಲ್ಲಿ ರಾಜ್ಯ ಸರ್ಕಾರದವರು 10 ಬಂದರುಗಳಲ್ಲಿ ಅದಿರಿನ ರಫ್ತನ್ನು ನಿಲ್ಲಿಸಿ, ರಫ್ತಿನ ಸಾಗಣೆಗೆ ರಹದಾರಿ ಕೊಡುವುದನ್ನೂ ತಡೆದರು. ಬೇಲೆಕೇರಿ ಬಂದರಿನಲ್ಲಿ ಜಫ್ತಾಗಿದ್ದ ಅದಿರೇ ಮಾಯವಾದ ಕಾಲವದು. ಜನರು ಆಜ್ಞೆಯನ್ನು ಮೆಚ್ಚಿದರೆ ಆಶ್ಚರ್ಯವೇನು? ಆದರೆ ಹೊರದೇಶದೊಡನೆ ವ್ಯಾಪಾರವು ಸಂವಿಧಾನದ 7ನೆಯ ಅನುಸೂಚಿಯ ಮೇರೆಗೆ ಕೇಂದ್ರಕ್ಕೆ ಸೇರಿದ ವಿಷಯವೆಂದು ಗಣಿಯ ಒಡೆಯರು ವಾದಿಸಿದರು. ಅಕ್ರಮ ಸಾಗಣೆಯನ್ನು ತಡೆಯಲು 1957ರ ಗಣಿ ಮತ್ತು ಖನಿಜಗಳ ಕಾಯಿದೆಯೇ ತಮಗೆ ಅಧಿಕಾರ ಕೊಟ್ಟಿದೆಯೆಂದು ಸರ್ಕಾರದವರು ಉತ್ತರವಿತ್ತರು. ಹೈಕೋರ್ಟು ಆಜ್ಞೆಯನ್ನು ಎತ್ತಿಹಿಡಿಯಿತು. ಸುಪ್ರೀಂ ಕೋರ್ಟು 2011ರ ಏಪ್ರಿಲ್ 20ರಿಂದ ಅದನ್ನು ತೆರವುಮಾಡಿಸಿತು.

ಹೀಗೆ ಬಾಗಿಲು ತೆರೆಸಿದ ನ್ಯಾಯಸ್ಥಾನವೇ ಅದೇ ಜುಲೈ 29ರಂದು ಬಳ್ಳಾರಿಯ ಗಣಿಗಾರಿಕೆಯನ್ನೂ, ಆಗಸ್ಟಿನಲ್ಲಿ ಚಿತ್ರದುರ್ಗ, ತುಮಕೂರುಗಳ ಗಣಿಗಾರಿಕೆಯನ್ನೂ ನಿಲ್ಲಿಸಿತು. ಇದರಲ್ಲಿ ವಿರೋಧಾಭಾಸವಿಲ್ಲ. ಎರಡನೆಯ ತಡೆಯ ಹಿಂದೆ ಹಾನಿಯ ಪರಿಶೀಲನೆಯಿತ್ತು. 2013ರಲ್ಲಿ ತಪ್ಪಿನ ತೂಕಕ್ಕೆ ತಕ್ಕಂತೆ ಗಣಿಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿ, ಅತಿ ಕೆಟ್ಟವುಗಳ ಗುತ್ತಿಗೆಯನ್ನು ರದ್ದುಮಾಡಿದ ತೀರ್ಪೂ ಬಂತು. ಸ್ಥಿತಿ ಸುಧಾರಿಸಿದ ಮೇಲೆ 2022ರ ಮೇ 20ರಂದು ರಫ್ತಿಗೆ ಮತ್ತೆ ಅನುಮತಿ ದೊರೆಯಿತು. ಮರುದಿನವೇ ಕೇಂದ್ರದವರು ಅದಿರಿನ ರಫ್ತು ಸುಂಕವನ್ನು ಶೇಕಡಾ 50ಕ್ಕೆ ಏರಿಸಿದರು; ನವೆಂಬರಿನಲ್ಲಿ ಇಳಿಸಿದರು. ತಡೆಯುವ ಅಧಿಕಾರ ಯಾರಿಗಿದೆಯೋ ಅವರು ತಡೆದರೆ ವ್ಯಾಜ್ಯಕ್ಕೆ ಎಡೆ ಕಡಿಮೆ.

ಇಷ್ಟೆಲ್ಲ ನಡೆದರೂ ನ್ಯೂ ಟೌನಿಗೆ ದೊರೆತುದೇನು? 1918ರಲ್ಲಿ ಆರಂಭಗೊಂಡ ಮೈಸೂರು ಸಂಸ್ಥಾನದ ಕಾರ್ಖಾನೆ 1923ರಲ್ಲಿ ಕಬ್ಬಿಣ ಕರಗಿಸಿದಾಗ ಕೆಮ್ಮಣ್ಣುಗುಂಡಿಯ ಅದಿರು ತಂತಿದಾರಿಯಲ್ಲಿ ಬೆಟ್ಟವಿಳಿದು ಬರುತ್ತಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರು ಕಾಪಾಡಿ ಬೆಳೆಸಿದ ಆ ಕಾರ್ಖಾನೆ ಮುಂದೆ ಉಕ್ಕು ಪ್ರಾಧಿಕಾರದಲ್ಲಿ ಲೀನವಾಯಿತು. ಸ್ವಂತ ಗಣಿಯ ಆಸರೆ ತಪ್ಪಿ ನಷ್ಟಕ್ಕೊಳಗಾಯಿತು. 2023ರ ಜನವರಿಯಲ್ಲಿ ಪ್ರಾಧಿಕಾರದ ಆಡಳಿತ ಮಂಡಳಿ ಅದನ್ನು ಮುಚ್ಚಲು ತೀರ್ಮಾನಿಸಿದಾಗ ಕಾರ್ಮಿಕರು ಬೀದಿಗಿಳಿದರು. ಬಂದರಿನ ಬಾಗಿಲು ಮುಚ್ಚಿದ ಮಾತ್ರಕ್ಕೆ ಕುಲುಮೆಯ ಬಾಯಿಗೆ ಅದಿರು ಬೀಳಲಿಲ್ಲ.

ಕನ್ನಡನಾಡಿನ ಅದಿರು ಗಡಿ ದಾಟಲೇಕೂಡದೆಂದು ಕೆಲವರು ಹೇಳುವುದುಂಟು. ಅವರ ಅಭಿಮಾನವನ್ನು ನಾವು ಗೌರವಿಸುತ್ತೇವೆ, ಮಾರ್ಗವನ್ನು ಒಪ್ಪಲಾರೆವು. ದೇಶದೊಳಗಿನ ವ್ಯಾಪಾರ ಮುಕ್ತವಾಗಿರಬೇಕೆಂದು ಸಂವಿಧಾನದ 301ನೆಯ ವಿಧಿ ಸಾರುತ್ತದೆ. ನಮ್ಮಲ್ಲಿ ಕಲ್ಲಿದ್ದಲಿನ ಗಣಿಯಿಲ್ಲ. ಕಲ್ಲಿದ್ದಲುಳ್ಳ ಪ್ರಾಂತಗಳವರು ಇದೇ ನ್ಯಾಯವನ್ನು ನಮ್ಮ ಮೇಲೆ ಪ್ರಯೋಗಿಸಿದರೆ ನಮ್ಮ ಕುಲುಮೆಗಳ ಗತಿಯೇನು? ಲೋಕಹಿತಕ್ಕಾಗಿ ನಿರ್ಬಂಧ ಅವಶ್ಯವಾದರೆ 304ನೆಯ ವಿಧಿ ದಾರಿ ತೋರಿದೆ: ಮಸೂದೆಗೆ ಮೊದಲೇ ರಾಷ್ಟ್ರಪತಿಗಳ ಸಮ್ಮತಿ ಪಡೆದು, ಶಾಸನಸಭೆಯಲ್ಲಿ ಚರ್ಚಿಸಿ, ಯುಕ್ತ ಮಿತಿಯಲ್ಲಿ ಶಾಸನ ಮಾಡುವುದು.

ಇನ್ನು ನ್ಯೂ ಟೌನಿನ ಮಾತು. ಸರ್ಕಾರಿ ಕಂಪೆನಿಗಳಿಗಾಗಿ ಗಣಿಭೂಮಿಯನ್ನು ಕಾದಿರಿಸಲು 1957ರ ಕಾಯಿದೆಯಲ್ಲಿಯೇ ಅವಕಾಶವುಂಟು. ನಿಷೇಧದ ಪರವಾಗಿ ವರ್ಷಗಟ್ಟಲೆ ವಾದಿಸಿದ ಶ್ರದ್ಧೆಯ ಒಂದಂಶವನ್ನಾದರೂ ಕೇಂದ್ರ ಹಾಗೂ ರಾಜ್ಯ ಸರ್ಕಾರಗಳು ಇದರತ್ತ ತಿರುಗಿಸಬೇಕು. ಅನ್ಯರ ಸರಕನ್ನು ತಡೆಯುವುದು ಕೈಗಾರಿಕಾ ನೀತಿಯಲ್ಲ. ತನ್ನ ಕುಲುಮೆಗೆ ಅದಿರೊದಗಿಸುವುದು ನೀತಿ. ಆ ಕರ್ತವ್ಯವನ್ನು ಇನ್ನಷ್ಟು ಮುಂದೂಡುವುದು ಸರ್ವಥಾ ಸಲ್ಲದು.